ಹುಚ್ಚವ್ವನ ಸಲೈನು, ಮಡಿವಾಳಪ್ಪನ ಗಂಟು

ಮಳೆಗಾಲ ಬಂತೆಂದರೆ ನಮ್ಮ ಊರುಗಳಿಗೆ ವಾಂತಿಭೇದಿಯೂ ಬಂತು. ಹಳ್ಳಕ್ಕೆ ಹೊಸ ನೀರು ಬರುತ್ತದೆ, ಬಾವಿಗೆ ರಾಡಿ ಇಳಿಯುತ್ತದೆ. ನಾವು ಅದನ್ನೇ ಕಾಯಿಸದೆ, ಸೋಸದೆ ಕುಡಿಯುತ್ತೇವೆ, ಆಮೇಲೆ ಚರಿಗೆ ಹಿಡಿದು ಓಡುತ್ತೇವೆ. ಎಪ್ಪತ್ನಾಲ್ಕನೆಯ ಇಸವಿಯ ಮಳೆಗಾಲದಲ್ಲಿ ತಾಂಬಾದಲ್ಲಿ ಹೀಗೆ ಓಡಿದವರಲ್ಲಿ ಹುಚ್ಚವ್ವನೂ ಒಬ್ಬಳು. ನೀರು ಕಾಯಿಸಿ ಕುಡಿಯಿರಿ ಎಂದು ನಿಮಗೆ ಬಹಳ ಜನ ಹೇಳಿದ್ದಾರೆ, ನೀವೂ ಬಹಳ ಸಲ ತಲೆಯಾಡಿಸಿದ್ದೀರಿ. ಈ ಕಥೆ ಅದರ ಮುಂದಿನದು. ದವಾಖಾನೆಗೆ ಹೋಗಿ ಸಲೈನು ಹಚ್ಚಿಸಿಕೊಂಡ ಮೇಲೆ ನಾವು ಮಾಡುವ ಶಾಣ್ಯಾತನದ ಕಥೆ.

ಹುಚ್ಚವ್ವನ ಗಂಡ ಮಡಿವಾಳಪ್ಪ. ಅವನಿಗೆ ಹೊಲ ಎಂಟು ಎಕರೆ, ಎತ್ತು ಎರಡು, ಜಂಬ ಮಾತ್ರ ಅಳತೆಗೆ ಸಿಗದಷ್ಟು. ಜಂಬಕ್ಕೆ ಕಾರಣ ಅವನು ಹಾಕುವ ಗಂಟು. ಮಡಿವಾಳಪ್ಪ ಚಕ್ಕಡಿಯ ಮೇಲೆ ಜೋಳದ ಕಣಕಿ ಹೇರಿ ಹಗ್ಗ ಬಿಗಿದನೆಂದರೆ ಆ ಹೇರು ಸಿಂದಗಿಗೆ ಹೋಗಲಿ, ಬಸವನ ಬಾಗೇವಾಡಿಗೆ ಹೋಗಲಿ, ದಾರಿಯಲ್ಲಿ ಒಂದು ದಂಟು ಉದುರುತ್ತಿರಲಿಲ್ಲ. ಸುಗ್ಗಿಯಲ್ಲಿ ಊರಿನವರು ಅವನನ್ನು ಚಹಾ ಕುಡಿಸಿ ಕರೆದೊಯ್ಯುತ್ತಿದ್ದರು. ಅವನು ಹೇರಿನ ಮೇಲೆ ಕಾಲು ಕೊಟ್ಟು, ಹಗ್ಗ ಜಗ್ಗಿ, ಕೊನೆಗೆ ಒಂದು ಗಂಟು ಹಾಕಿ, ಅದನ್ನು ಅಂಗೈಯಿಂದ ಬಡಿದು, "ಇದನ್ನ ಬಿಚ್ಚವ ಇನ್ನಾ ಹುಟ್ಟಿಲ್ಲ" ಎನ್ನುತ್ತಿದ್ದ. ಈ ಮಾತನ್ನು ಹುಚ್ಚವ್ವ ಮದುವೆಯಾದ ಲಾಗಾಯ್ತಿನಿಂದ ಕೇಳಿ ಕೇಳಿ ಬೇಸತ್ತಿದ್ದಳು.

ಹುಚ್ಚವ್ವನದೂ ಒಂದು ವಿಶೇಷವಿತ್ತು. ಅವಳ ಬಾಯಿಗೂ ಬಲಗೈಗೂ ಒಳಗೊಳಗೆ ಏನೋ ಕರಾರು ಆಗಿರಬೇಕು. ಬಾಯಿ ಮಾತು ಶುರು ಮಾಡಿದರೆ ಕೈ ಎದ್ದು ನಿಲ್ಲುತ್ತಿತ್ತು. ರೊಟ್ಟಿ ಎಂದರೆ ಗಾಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಬಾವಿ ಎಂದರೆ ಕೊಡ ಸೇದುತ್ತಿದ್ದಳು. ಕೈ ಹಿಡಿದುಕೊಂಡರೆ ಮಾತೇ ನಿಂತುಹೋಗುತ್ತಿತ್ತು.

ಅಂಥ ಹುಚ್ಚವ್ವ ಆ ದಿನ ಮಾತೂ ಆಡದೆ, ಕೈಯೂ ಎತ್ತದೆ ಬಿದ್ದುಬಿಟ್ಟಾಗ ಮಡಿವಾಳಪ್ಪನ ಜೀವ ಬಾಯಿಗೆ ಬಂತು. ಅವಳ ಕಣ್ಣು ಗುಳಿ ಬಿದ್ದಿದ್ದವು, ತುಟಿ ಒಣಗಿತ್ತು. ಚಕ್ಕಡಿಯಲ್ಲಿ ಕಣಕಿ ಹಾಸಿ, ಮೇಲೆ ಕೌದಿ ಹಾಸಿ, ಅವಳನ್ನು ಮಲಗಿಸಿ, ಮಳೆಯಲ್ಲೇ ಇಂಡಿ ಪಟ್ಟಣದ ಧರ್ಮದವಾಖಾನೆಗೆ ತಂದ.

ಡಾಕ್ಟರ್ ಬಸಂತರಾಯರು ನೋಡಿದರು, ನಾಡಿ ಹಿಡಿದರು, ಹೊಟ್ಟೆಯ ಚರ್ಮ ಚಿವುಟಿದರು. ಚಿವುಟಿದ ಚರ್ಮ ಹಾಗೇ ನಿಂತಿತು.

"ಮೈಯಾಗಿನ ನೀರೆಲ್ಲಾ ಹೋಗೇತಿ. ಲಗೂನ ಸಲೈನ ಹಚ್ರಿ. ಆರು ಬಾಟ್ಲಿ ಹೋಗಬೇಕು" ಎಂದರು.

ಸಲೈನು ಹಚ್ಚಿದವಳು ನರ್ಸು ಮೆಹರಾಜ. ಮುದ್ದೇಬಿಹಾಳದ ಕಡೆಯ ಹುಡುಗಿ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಗಾಜಿನ ಬಾಟಲಿಯನ್ನು ಕಬ್ಬಿಣದ ಕೋಲಿಗೆ ತಲೆಕೆಳಗು ಮಾಡಿ ತೂಗುಹಾಕಿ, ಹುಚ್ಚವ್ವನ ಬಲಗೈಯ ಹಿಂಬದಿಯಲ್ಲಿ ಸೂಜಿ ಚುಚ್ಚಿ, ಮೇಲೆ ಎರಡು ಅಂಟುಪಟ್ಟಿ ಹಚ್ಚಿದಳು. ಕೈಯ ಕೆಳಗೆ ಕಟ್ಟುವ ಹಲಗೆಪಟ್ಟಿಗಳು ದವಾಖಾನೆಯಲ್ಲಿ ಎರಡೇ ಇದ್ದವು. ಎರಡೂ ಬೇರೆ ರೋಗಿಗಳ ಕೈಗೆ ಹೋಗಿದ್ದವು.

"ಎವ್ವಾ, ಈ ಕೈ ಅಳ್ಳಾಡಿಸಬ್ಯಾಡ್ರಿ. ಹಲಗಿ ಬರೂತನಕ ಹಿಂಗ ಇರ್ರಿ" ಎಂದು ಹೇಳಿ ಅವಳು ಮುಂದಿನ ಮಂಚಕ್ಕೆ ಹೋದಳು.

ಅರ್ಧ ಬಾಟಲಿ ಹೋಗುವಷ್ಟರಲ್ಲಿ ಹುಚ್ಚವ್ವನಿಗೆ ಜೀವ ಬಂತು. ಜೀವ ಬಂದ ಕೂಡಲೆ ಮಾತು ಬಂತು. ಪಕ್ಕದ ಮಂಚದಲ್ಲಿ ಸಿಂದಗಿಯ ದರ್ಜಿ ಮೋದಿನಸಾಬನ ತಾಯಿ ರೋಷನಬಿ ಮಲಗಿದ್ದಳು. ಅವಳಿಗೂ ವಾಂತಿಭೇದಿಯೇ, ಆದರೆ ಆಗಲೇ ಗುಣವಾಗುತ್ತ ಬಂದಿತ್ತು. ಮುದುಕಿಗೆ ಕಿವಿ ಸ್ವಲ್ಪ ಮಂದ. ಹೀಗಾಗಿ ಹುಚ್ಚವ್ವನ ಕೈಗೆ ಇಮ್ಮಡಿ ಕೆಲಸ ಬಿತ್ತು.

"ರೋಷನಕ್ಕಾ, ಎಷ್ಟ ಸಲ ಹೋದೆ ಅಂತೀ! ಇಲ್ಲಿಂದ ಹಿತ್ತಲಕ, ಹಿತ್ತಲದಿಂದ ಇಲ್ಲಿಗೆ..."

ಕೈ ಹಿತ್ತಲಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಸೂಜಿ ಕಿತ್ತು ಹಾಸಿಗೆಗೆ ಬಿತ್ತು. ಬೆವರಿನ ಕೈಗೆ ಪಟ್ಟಿ ಸರಿಯಾಗಿ ಅಂಟಿಯೂ ಇರಲಿಲ್ಲ. ಸಲೈನನ್ನು ಕೌದಿ ಕುಡಿಯಿತು.

ಮೆಹರಾಜ ಓಡಿ ಬಂದಳು. ಹಿಂದೆಯೇ ಮಡಿವಾಳಪ್ಪನ ತಕರಾರೂ ಬಂತು.

"ಬಾಯಾರ, ಇಷ್ಟಗಲ ಚಿಂದಿಪಟ್ಟಿ ಹಚ್ಚಿದ್ರ ಯಾವ ಸೂಜಿ ನಿಂದರತೈತ್ರಿ? ನಮ್ಮ ಎತ್ತಿನ ಕೊರಳಾಗಿನ ಗೆಜ್ಜೀನೂ ನಿಂದರಂಗಿಲ್ಲ ಅದಕ್ಕ. ಕಟ್ಟಬೇಕು. ಬಿಗದು ಕಟ್ಟಬೇಕು."

"ಕಾಕಾ, ಇದು ಕಟ್ಟೂದಲ್ಲ. ಹಚ್ಚೂದು" ಎಂದಳು ಮೆಹರಾಜ. ಬೇರೊಬ್ಬರ ಕೈಯಿಂದ ಆಗ ತಾನೇ ಬಿಡುವಾದ ಹಲಗೆಪಟ್ಟಿ ತಂದಳು. ಈ ಸಲ ಎಡಗೈ. ಕೈ ಒರೆಸಿ ಒಣಗಿಸಿದಳು, ಸೂಜಿ ಹಾಕಿದಳು, ಹಲಗೆಯ ಮೇಲೆ ಕೈ ಮಲಗಿಸಿ ಅಲ್ಲಲ್ಲಿ ಪಟ್ಟಿ ಹಚ್ಚಿದಳು. ಹನಿ ಟಪಟಪ ಬೀಳತೊಡಗಿತು.

ಮೋದಿನಸಾಬ ದೂರದಿಂದ ನೋಡುತ್ತಿದ್ದವನು ಹತ್ತಿರ ಬಂದ. ಅವನ ಅಂಗಿಯ ಎದೆಯ ಮೇಲೆ ಯಾವಾಗಲೂ ಎರಡು ಸೂಜಿ, ದಾರ ಸಮೇತ ಚುಚ್ಚಿರುತ್ತಿದ್ದವು.

"ಅಣ್ಣಾರ, ನನ್ನ ಕೇಳಿದ್ರ ಎರಡ ಟಾಕಿ ಹಾಕೂದು ಚಲೋ. ಹೊಲಿಗಿ ಬಿಚ್ಚಂಗಿಲ್ಲ."

"ಏ ಮೋದಿನಸಾಬ್ರ, ಹೊಲಿಗಿ ಹರೀತೈತಿ. ಗಂಟು ಹರಿಯಂಗಿಲ್ಲ" ಎಂದ ಮಡಿವಾಳಪ್ಪ. ಇಬ್ಬರೂ ಬಾಗಿಲ ಬಳಿ ಕುಳಿತು ಇದೇ ವಾದ ಮಾಡಿದರು. ಒಬ್ಬನೂ ಸೋಲಲಿಲ್ಲ.

ಆದರೆ ಮಡಿವಾಳಪ್ಪನಿಗೆ ಸಮಾಧಾನವಿಲ್ಲ. ಬಂದು ಬಂದು ಹೆಂಡತಿಯ ಕೈ ನೋಡಿದ. ತಾಂಬಾದ ಗಂಟಿನ ಮಡಿವಾಳಪ್ಪನ ಹೆಂಡತಿ ಕಾಗದದಂಥ ಪಟ್ಟಿ ಹಚ್ಚಿಕೊಂಡು ಮಲಗುವುದೆಂದರೇನು? ಮತ್ತೆ ಕಿತ್ತರೆ? ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇತ್ತು, ನಿಜ. ಪ್ರೀತಿಯ ಜೊತೆಗೆ ಕೈಯಲ್ಲಿ ತುರಿಕೆಯೂ ಇತ್ತು. ಮೆಹರಾಜ ಹೊರಗಿನ ರೋಗಿಗಳ ಕಡೆ ಹೋದದ್ದೇ ತಡ, ಅವನು ಪಟ್ಟಿಗಳನ್ನು ಒಂದೊಂದಾಗಿ ಸುಲಿದ. ಹಲಗೆ ತೆಗೆದು ಮಂಚದ ಕೆಳಗಿಟ್ಟ. ಸೊಂಟದಲ್ಲಿದ್ದ ನೂಲಿನ ಹುರಿ ತೆಗೆದು, ಕೈಗೆ ಮೂರು ಸುತ್ತು ಸುತ್ತಿ, ಸೂಜಿಯನ್ನೂ ಬಾಟಲಿಯಿಂದ ಬಂದ ನಳಿಗೆಯನ್ನೂ ಸೇರಿಸಿ ಬಿಗಿದು, ತನ್ನ ಗಂಟು ಹಾಕಿದ. ಯಾರಿಗೂ ಕಾಣದಿರಲೆಂದು ಮೇಲೆ ತನ್ನ ತಲೆಯ ರುಮಾಲು ಬಿಚ್ಚಿ ಸುತ್ತಿದ.

"ರೀ, ಕೈ ಹಿಡದಂಗಾಗತೈತ್ರಿ" ಎಂದಳು ಹುಚ್ಚವ್ವ.

"ಹಿಡೀಲಿ ಅಂತನ ಕಟ್ಟೇನಿ. ಸುಮ್ಮ ಮಲಕ್ಕೋ. ಇದನ್ನ ಬಿಚ್ಚವ ಇನ್ನಾ ಹುಟ್ಟಿಲ್ಲ."

ಸ್ವಲ್ಪ ಹೊತ್ತಿಗೆ ಬಾಟಲಿಯಲ್ಲಿ ಹನಿ ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಮಡಿವಾಳಪ್ಪ ಬಾಟಲಿಗೆ ಎರಡು ಪೆಟ್ಟು ಕೊಟ್ಟು ನೋಡಿದ. ಬೀಳಲಿಲ್ಲ. ಬಾಟಲಿಯ ತಪ್ಪು ಎಂದುಕೊಂಡ. ಹುಚ್ಚವ್ವನ ಮಾತು ಮತ್ತೆ ಕಡಿಮೆಯಾಯಿತು, ಕಣ್ಣು ಮುಚ್ಚಿದವು. ಅವಳು ನಿದ್ದೆ ಹೋದಳೆಂದು ತಿಳಿದು ಅವನು ಖುಷಿಪಟ್ಟ.

ಮೆಹರಾಜ ಬಂದು ರುಮಾಲು ಬಿಚ್ಚಿ ನೋಡಿದಾಗ ಹುಚ್ಚವ್ವನ ಕೈ ಉಬ್ಬಿ, ಚರ್ಮ ಬಿಗಿದು, ಬೆರಳು ತಣ್ಣಗೆ ನೀಲಿಗಟ್ಟಿದ್ದವು. ಸೂಜಿ ನರದಿಂದ ಜಾರಿತ್ತು. ಹೋದಷ್ಟು ನೀರೆಲ್ಲ ಚರ್ಮದ ಕೆಳಗೆ ತುಂಬಿತ್ತು.

"ಯಾರ ಮಾಡಿದ್ರಿದನ್ನ?" ಎಂದು ಅವಳು ಕೂಗಿದ್ದು ಇಡೀ ದವಾಖಾನೆಗೆ ಕೇಳಿತು. ರೋಷನಬಿಗೂ ಕೇಳಿತು ಎಂದರೆ ನೀವೇ ತಿಳಿದುಕೊಳ್ಳಿ.

ಗಂಟು ಬಿಚ್ಚಲು ಮೆಹರಾಜ ಉಗುರು ಹಾಕಿದಳು, ಬರಲಿಲ್ಲ. ಮೋದಿನಸಾಬ ಸೂಜಿಯ ತುದಿ ಹಾಕಿದ, ಬರಲಿಲ್ಲ. ಮಡಿವಾಳಪ್ಪನೇ ಹಲ್ಲು ಹಚ್ಚಿದ. ಅವನಿಗೂ ಬರಲಿಲ್ಲ. ಬಿಚ್ಚುವವನು ಹುಟ್ಟಿಲ್ಲ ಎಂದದ್ದು ನಿಜವೇ ಆಗಿತ್ತು. ಕೊನೆಗೆ ಕತ್ತರಿಯಿಂದ ಕತ್ತರಿಸಿ ತೆಗೆದರು.

ಬಸಂತರಾಯರು ಬಂದು ಕೈ ನೋಡಿದರು, ಆಮೇಲೆ ಮಡಿವಾಳಪ್ಪನನ್ನು ನೋಡಿದರು. ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಮಡಿವಾಳಪ್ಪ, ನಿನ್ನ ಹೇಣ್ತಿ ಮೈಯಾಗ ನೀರಿಲ್ಲ, ಅದಕ್ಕ ನರ ಎಲ್ಲಾ ಒಳಗ ಸೇರ್ಯಾವ. ಹುಡುಕಿದ್ರ ಸಿಗವಲ್ವು. ಬಲಗೈ ಮ್ಯಾಲ, ಇಲ್ಲಿ, ಒಂದ ನರ ಕಾಣತೈತಿ. ಅದರಾಗ ಹಾಕ್ತೇವಿ. ಅದೂ ಹೋತಂದ್ರ ಬಿಜಾಪುರಕ್ಕ ಒಯ್ಯಬೇಕು. ಹಳ್ಳ ಬಂದು ಬಸ್ಸ ನಿಂತಾವ. ಇನ್ನ ಐದ ಬಾಟ್ಲಿ ಹೋಗೂತನಕ ಈ ಸೂಜಿ ನಿಂದರಬೇಕು. ತಿಳೀತಿಲ್ಲ?"

ಮಡಿವಾಳಪ್ಪನಿಗೆ ತಿಳಿಯಿತು. ಬಲಗೈ! ಹುಚ್ಚವ್ವನ ಮಾತಾಡುವ ಕೈ! ಅವನ ಮುಖ ಸಪ್ಪಗಾಯಿತು.

ಮೆಹರಾಜ ಈ ಸಲ ಬಹಳ ಹೊತ್ತು ತೆಗೆದುಕೊಂಡಳು. ಮೊಣಕೈಯ ಕೆಳಗೆ ಸೂಜಿ ಹಾಕಿದಳು. ಅದರ ಮೇಲೆ ಒಂದು ಪಟ್ಟಿಯನ್ನು ಅಡ್ಡ ಹಚ್ಚಿದಳು, ಇನ್ನೊಂದನ್ನು ಸೂಜಿಯ ಕೆಳಗಿನಿಂದ ತಂದು ಮೇಲೆ ಕತ್ತರಿಯ ಹಾಗೆ ದಾಟಿಸಿ ಹಚ್ಚಿದಳು. ಸೂಜಿ ಚರ್ಮದೊಳಗೆ ಹೋದ ಜಾಗ ಮಾತ್ರ ಕಣ್ಣಿಗೆ ಕಾಣುವಂತೆ ಬಿಟ್ಟಳು. ಹಲಗೆಪಟ್ಟಿಯನ್ನು ಮೊಣಕೈಯಿಂದ ಅಂಗೈವರೆಗೆ ಇಟ್ಟು, ಅರಿವೆ ಸುತ್ತಿ, ಬೆರಳೊಂದು ತೂರುವಷ್ಟು ಸಡಿಲ ಬಿಟ್ಟು ಹಚ್ಚಿದಳು. ಕೊನೆಗೆ ರಬ್ಬರಿನ ನಳಿಗೆಯನ್ನು ಕೈಯ ಮೇಲೆ ಒಂದು ಸುತ್ತು ಹೊರಳಿಸಿ, ಆ ಸುತ್ತಿಗೂ ಒಂದು ಪಟ್ಟಿ ಹಚ್ಚಿದಳು.

ಇಷ್ಟಾದ ಮೇಲೂ ಮಡಿವಾಳಪ್ಪ ಸುಮ್ಮನಿರಬೇಕಿತ್ತು. ಆದರೆ ಜಂಬ ಅಷ್ಟು ಸುಲಭವಾಗಿ ಹೋಗುವ ವಸ್ತುವಲ್ಲ.

"ಬಾಯಾರ, ತಪ್ಪಾತು. ಆದ್ರ ಒಂದ ಮಾತು. ನನ್ನ ಗಂಟು ಬಿಚ್ಚಲಿಲ್ಲ, ನೋಡ್ರಿ. ಸೂಜಿ ಜಾರಿತು, ಗಂಟು ಜಾರಲಿಲ್ಲ."

ಮೆಹರಾಜ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಹಂಗಂತೀರಿ? ಬರ್ರಿ ಇಲ್ಲಿ. ಇಬ್ಬರೂ ಬರ್ರಿ. ಗಂಟಿನವರೂ ಬರ್ರಿ, ಟಾಕಿಯವರೂ ಬರ್ರಿ. ಇವತ್ತ ಇದು ಮುಗದ ಹೋಗಲಿ."

ಅವಳು ಒಂದು ಹಳೆಯ ನಳಿಗೆಯನ್ನು ಮೂರು ತುಂಡು ಮಾಡಿ ತಂದಳು. ಸೂಜಿ ಇಲ್ಲ, ಬರೀ ನಳಿಗೆ. ಮಡಿವಾಳಪ್ಪನನ್ನು ಹುಚ್ಚವ್ವನ ಮಂಚದ ಎದುರಿಗೆ ಸ್ಟೂಲಿನ ಮೇಲೆ ಕೂಡಿಸಿದಳು. ಮಳೆಗೆ ಹೊರಗೆ ಹೋಗಲಾಗದ ಜನರೆಲ್ಲ ಸುತ್ತ ನಿಂತರು. ರೋಷನಬಿ ಎದ್ದು ಕುಳಿತಳು.

"ಮದಲ ಟಾಕಿ" ಎಂದಳು ಮೆಹರಾಜ.

ಮೋದಿನಸಾಬನಿಗೆ ಹಿಗ್ಗು. ಕೈಗೆ ಹೊಲಿಯಲು ಮಡಿವಾಳಪ್ಪ ಒಪ್ಪಲಿಲ್ಲ, ಸಹಜವೇ. ಆದ್ದರಿಂದ ನಳಿಗೆಯ ತುಂಡನ್ನು ಅವನ ಅಂಗಿಯ ತೋಳಿಗೆ ಇಟ್ಟು ಆರು ಟಾಕಿ ಹಾಕಿದ. ಚಂದದ ಹೊಲಿಗೆ, ಮದುಮಗನ ಅಂಗಿಗೆ ಹಾಕುವಂಥದು.

"ಕಾಕಾ, ರುಮಾಲ ಸರಿ ಮಾಡ್ಕೊಳ್ರಿ."

ಮಡಿವಾಳಪ್ಪ ಕೈ ಎತ್ತಿದ. ಅಂಗಿಯ ತೋಳು ಜಾರಿ ಮೊಣಕೈಗೆ ಬಂತು. ನಳಿಗೆಯೂ ತೋಳಿನ ಜೊತೆ ಸಂಸಾರ ಸಮೇತ ಜಾರಿಹೋಯಿತು. ಜನ ಹೋ ಎಂದು ನಕ್ಕರು.

"ಹೊಲಿಗಿ ಬಿಚ್ಚಿಲ್ಲ" ಎಂದ ಮೋದಿನಸಾಬ ಮೆಲ್ಲಗೆ.

"ಬಿಚ್ಚಿಲ್ಲ. ಆದ್ರ ಹೊಲದದ್ದು ಅಂಗಿಗೆ, ಸೂಜಿ ಇರೂದು ಕೈಯಾಗ" ಎಂದಳು ಮೆಹರಾಜ. ಆಮೇಲೆ ಅವನ ಮುಖ ನೋಡಿ ಅವಳಿಗೇ ಕನಿಕರ ಬಂತು. "ಆದ್ರ ಮೋದಿನಸಾಬ್ರ, ನಿಮ್ಮ ಮಾತು ಪೂರಾ ಸುಳ್ಳಲ್ಲ. ನಾ ಕಲಿಯೂ ಮುಂದ ದೊಡ್ಡ ಊರಿನ ದವಾಖಾನ್ಯಾಗ ನೋಡೇನಿ. ಬಾಳ ದೊಡ್ಡ ಆಪರೇಶನ್ ಆದವರಿಗೆ, ಇಲ್ಲಿ ನಾಡಿ ಬಡೀತೈತಲ್ಲ, ಆ ನರದಾಗ ಸಣ್ಣ ನಳಿಗಿ ಇಟ್ಟಿರತಾರ. ರಕ್ತದ ಜೋರ ಎಷ್ಟೈತಿ ಅಂತ ಘಳಿಗಿ ಘಳಿಗಿಗೆ ನೋಡಾಕ. ಅದು ಜಾರಿದ್ರ ರಕ್ತ ಚಿಮ್ಮತೈತಿ, ಮನಶ್ಯಾನ ಜೀವಕ್ಕ ಬರತೈತಿ. ಅದನ್ನ ಒಬ್ಬ ಡಾಕ್ಟರ್ ಚರ್ಮಕ್ಕ ಟಾಕಿ ಹಾಕಿ ನಿಂದರಸ್ತಾರ, ಇನ್ನೊಬ್ಬರು ಪಟ್ಟಿ ಹಚ್ಚಿ ಹಲಗಿ ಕೊಡ್ತಾರ. ಯಾವುದು ಚಲೋ ಅಂತ ಅವರವರೊಳಗ ವಾದ ಇನ್ನಾ ಮುಗದಿಲ್ಲ."

"ಹಂಗಾದ್ರ ಡಾಕ್ಟರೂ ನಮ್ಮಂಗ ಜಗಳಾಡ್ತಾರ?" ಎಂದ ಮಡಿವಾಳಪ್ಪ.

"ಆಡ್ತಾರ. ಆದ್ರ ರೋಗಿಯ ಮಂದಿ ಬಂದು ಹುರಿ ಕಟ್ಟೂದಕ್ಕ ಯಾವ ಡಾಕ್ಟರೂ ಒಪ್ಪಿಲ್ಲ."

ಮೋದಿನಸಾಬ ಎದೆ ಉಬ್ಬಿಸಿಕೊಂಡು ಹಿಂದೆ ಸರಿದ. ದೊಡ್ಡ ಡಾಕ್ಟರರೂ ಟಾಕಿ ಹಾಕುತ್ತಾರೆ ಎಂಬುದಷ್ಟೇ ಅವನ ಕಿವಿಯಲ್ಲಿ ಉಳಿದಿತ್ತು.

ಮುಂದಿನದು ಮಡಿವಾಳಪ್ಪನ ಸರದಿ. ಅವನ ಎಡಗೈಗೆ ಅವನದೇ ಗಂಟು. ಒಂದೇ ಕೈಯಿಂದ ಹಾಕಲಾಗದು ಎಂದು ಅವನು ಹೇಳಿಕೊಟ್ಟಂತೆ ಮೋದಿನಸಾಬ ಹಾಕಿದ. "ಜಗ್ಗರಿ. ಇನ್ನಾ ಜಗ್ಗರಿ. ದರ್ಜಿ ಜಗ್ಗೂದಲ್ಲ, ಒಕ್ಕಲಿಗ ಜಗ್ಗಿದಂಗ ಜಗ್ಗರಿ" ಎಂದು ಅವನೇ ಹುರಿದುಂಬಿಸಿದ. ಬಲಗೈಗೆ ಮೆಹರಾಜ ಅಷ್ಟರಲ್ಲಿ ಬಿಡುವಾಗಿದ್ದ ಇನ್ನೊಂದು ಹಲಗೆಪಟ್ಟಿ ಕೊಟ್ಟು, ಹುಚ್ಚವ್ವನ ಕೈಗೆ ಮಾಡಿದಂತೆಯೇ ಪಟ್ಟಿ ಹಚ್ಚಿ, ನಳಿಗೆಗೆ ಒಂದು ಸುತ್ತು ಕೊಟ್ಟಳು.

"ಅರ್ಧ ತಾಸು ಹಿಂಗ ಕುಂದರ್ರಿ. ಎಡಗೈ ಜುಮ್ಮ ಅಂದ್ರ, ನೋವಾದ್ರ ಆಗಿಂದಾಗ ಹೇಳ್ರಿ. ಹೇಳತೀರಿ?"

"ಹೇಳತೇನಿ" ಎಂದ ಮಡಿವಾಳಪ್ಪ. ಇದು ಅವನು ಆ ದಿನ ಆಡಿದ ದೊಡ್ಡ ಸುಳ್ಳು.

ಕೆಲವೇ ನಿಮಿಷಕ್ಕೆ ಎಡಗೈ ಜುಮ್ಮೆಂದಿತು. ಅವನು ಮುಗುಳ್ನಕ್ಕ. ಬೆರಳಲ್ಲಿ ಇರುವೆ ಹರಿದಾಡಿದವು. ಅವನು ಮಳೆಯ ಬಗ್ಗೆ ಮಾತಾಡಿದ. ಇರುವೆಗಳು ಕಡಿಯತೊಡಗಿದವು. ಅವನು ತೊಗರಿಯ ಬಗ್ಗೆ ಮಾತಾಡಿದ. ಮೆಹರಾಜ ಓರೆಗಣ್ಣಿನಿಂದ ನೋಡಿದಾಗಲೆಲ್ಲ "ಆರಾಮ ಐತಿ, ಆರಾಮ ಐತಿ" ಎಂದ.

ಅಷ್ಟರಲ್ಲಿ ಚಹಾ ಬಂತು. ಕುಡಿಯುವುದು ಹೇಗೆ? ಎರಡೂ ಕೈಗೆ ಕಟ್ಟು ಬಿದ್ದಿದೆ. ಮಡಿವಾಳಪ್ಪ ಚಹಾದ ಕಡೆ ನೋಡಿದ, ಚಹಾ ಅವನ ಕಡೆ ನೋಡಿತು. ಕೊನೆಗೆ ಮೋದಿನಸಾಬ ಬಸಿಯಲ್ಲಿ ಸುರುವಿ, ಊದಿ, ಅವನ ಬಾಯಿಗೆ ಹಿಡಿದ. ಅರ್ಧ ಬಾಯೊಳಗೆ ಹೋಯಿತು, ಅರ್ಧ ಮೀಸೆಯಿಂದ ಇಳಿದು ಎದೆಗೆ ಬಂತು.

"ಬಾಯಿ ಅಗಲ ತಗೀರಿ ಅಣ್ಣಾರ. ಹಾಂ. ಗುಟಕರಸರಿ" ಎನ್ನುತ್ತಿದ್ದ ಮೋದಿನಸಾಬ.

ಇದನ್ನು ಮಂಚದ ಮೇಲಿಂದ ಹುಚ್ಚವ್ವ ನೋಡಿದಳು. ಹೊಸ ಬಾಟಲಿ ಅರ್ಧ ಹೋಗಿತ್ತು, ಅವಳ ಕಣ್ಣಿಗೆ ಬೆಳಕು ಬಂದಿತ್ತು. ಮದುವೆಯಾದ ದಿನದಿಂದ ತನ್ನ ಮೇಲೆ ಯಜಮಾನಿಕೆ ಮಾಡಿದ ಗಂಡ ಎರಡೂ ಕೈ ಚಾಚಿಕೊಂಡು ದರ್ಜಿಯ ಕೈಯಿಂದ ಹಕ್ಕಿಮರಿಯ ಹಾಗೆ ಬಾಯಿ ತೆರೆದು ಚಹಾ ಕುಡಿಯುತ್ತಿದ್ದಾನೆ! ಅವಳಿಗೆ ನಗು ತಡೆಯಲಾಗಲಿಲ್ಲ.

"ರೋಷನಕ್ಕಾ! ನೋಡ ಇಲ್ಲೆ! ನಮ್ಮ ಮನ್ಯಾಗ ನೀರಿನ ತಂಬಗಿ ಸೈತ ತಾವ ತಗೋಳಾರದವರು, ಇವತ್ತ..."

ಮಾತು ಬಂತು, ಮಾತಿನ ಹಿಂದೆಯೇ ಬಲಗೈ ಎದ್ದಿತು. ಹಲಗೆ ಸಮೇತ ತಲೆಯ ಮೇಲೆ ಹೋಗಿ, ಒಂದು ಸುತ್ತು ತಿರುಗಿ, ಗಾಳಿಯಲ್ಲಿ ಚಹಾದ ಬಸಿ ಎತ್ತಿತು. ನಳಿಗೆ ಸರಕ್ಕನೆ ಬಿಗಿಯಿತು. ಬಾಟಲಿ ಕೋಲಿಗೆ ಢಣ್ ಎಂದು ಬಡಿಯಿತು.

"ಕೈ! ಏ ಹುಚ್ಚವ್ವಾ, ಕೈ!"

ಮಡಿವಾಳಪ್ಪ ಎದ್ದ. ಎದ್ದು ಮಾಡುವುದೇನು? ಹಿಡಿಯಲು ಕೈಯಿಲ್ಲ. ಎಡಗೈ ಅವನ ಮಾತು ಕೇಳುತ್ತಿರಲಿಲ್ಲ, ಬಲಗೈ ಹಲಗೆಯ ಮೇಲಿತ್ತು. ಸ್ಟೂಲು ಬಿತ್ತು, ಬಸಿ ಬಿತ್ತು, ಚಹಾ ಮೋದಿನಸಾಬನ ಧೋತರಕ್ಕೆ ಬಿತ್ತು. ಮಡಿವಾಳಪ್ಪ ಎರಡೂ ಕೈ ಚಾಚಿಕೊಂಡು ಮಂಚದ ಪಕ್ಕ ನಿಂತ. ಅವನ ಕಣ್ಣ ಮುಂದೆ ಹಳ್ಳ ಬಂತು, ನಿಂತ ಬಸ್ಸು ಬಂತು, ಖಾಲಿ ಚಕ್ಕಡಿ ಬಂತು. ಇಷ್ಟು ವರ್ಷ ಹಾಕಿದ ಗಂಟುಗಳಲ್ಲಿ ಒಂದೂ ಆ ಹೊತ್ತಿಗೆ ನೆರವಿಗೆ ಬರಲಿಲ್ಲ. ಆ ಅಂಟುಪಟ್ಟಿಯೊಂದೇ ಗತಿ.

"ಯವ್ವಾ, ನಿಂದರ. ನಿನ್ನ ಕಾಲ ಬೀಳತೇನಿ, ನಿಂದರ" ಎಂದ. ಹೆಂಡತಿಗೆ ಹೇಳಿದನೋ, ಸೂಜಿಗೆ ಹೇಳಿದನೋ ಅವನಿಗೇ ಗೊತ್ತಿರಲಿಲ್ಲ.

ಮೆಹರಾಜ ಬಂದು ಹುಚ್ಚವ್ವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. ಸೂಜಿ ಹೋದ ಜಾಗ ನೋಡಿದಳು. ಉಬ್ಬಿಲ್ಲ, ಒದ್ದೆಯಿಲ್ಲ. ಬಾಟಲಿ ನೋಡಿದಳು. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಮೊದಲಿನಂತೆ ಟಪಟಪ ಬೀಳತೊಡಗಿತು.

"ಸೂಜಿ ಜಾರಿಲ್ಲ, ನಿಂತೈತಿ" ಎಂದಳು.

ಮಡಿವಾಳಪ್ಪ ಬಗ್ಗಿ ನೋಡಿದ. ಕೈಯ ಮೇಲೆ ಸುತ್ತಿಟ್ಟಿದ್ದ ನಳಿಗೆ ಬಿಗಿಯಾಗಿ ಎಳೆದುಕೊಂಡಿತ್ತು. ಜಗ್ಗಿದ ಜೋರೆಲ್ಲ ಆ ಸುತ್ತಿಗೆ ಬಂದು, ಅದರ ಮೇಲಿನ ಪಟ್ಟಿ ಅರ್ಧ ಎದ್ದಿತ್ತು. ಸೂಜಿಯ ತನಕ ಎಳೆತ ಹೋಗಿಯೇ ಇರಲಿಲ್ಲ. ಹಲಗೆಯ ಮೇಲಿನ ಕೈ ಬಾಗಿರಲಿಲ್ಲ. ಅವನು ಅದನ್ನು ಬಹಳ ಹೊತ್ತು ನೋಡಿದ. ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೋದರೆ ಎಡಗೈ ಮೇಲೇಳಲಿಲ್ಲ.

ಆಗ ಮೆಹರಾಜ ಅವನ ಎಡಗೈ ನೋಡಿದಳು. ಬೆರಳು ಬದನೆಕಾಯಿಯ ಬಣ್ಣಕ್ಕೆ ಬಂದಿದ್ದವು.

"ಕಾಕಾ! ಆರಾಮ ಐತಿ ಅಂತಿದ್ರಲ್ಲ?"

"ಇಲ್ಲವ್ವಾ. ಕತ್ತರಿ ತಾ" ಎಂದ ಮಡಿವಾಳಪ್ಪ. ತನ್ನ ಗಂಟಿಗೆ ತಾನೇ ಕತ್ತರಿ ಕೇಳಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಗಂಟು ಕತ್ತರಿಸಿದರು. ರಕ್ತ ಹರಿದು ಬರುವಾಗ ಅವನು ಹಲ್ಲು ಕಚ್ಚಿ ಕುಣಿದ. ಕುಣಿದು ಮುಗಿದ ಮೇಲೆ ಹುಚ್ಚವ್ವನ ಉಬ್ಬಿದ ಎಡಗೈಯ ಕಡೆ ನೋಡಿದ.

"ನಿನಗೂ ಹಿಂಗ ಆಗಿತ್ತೇನ?" ಎಂದು ಕೇಳಿದ.

"ಹೇಳಿದ್ನಲ್ರಿ, ಕೈ ಹಿಡದಂಗ ಆಗತೈತಿ ಅಂತ" ಎಂದಳು ಅವಳು. ಈ ಸಲ ಕೈ ಎತ್ತಲಿಲ್ಲ.

ಮಡಿವಾಳಪ್ಪ ಸ್ಟೂಲು ಎತ್ತಿಟ್ಟು ಕುಳಿತ. ಅವನಿಗೆ ಬಹಳ ನಾಚಿಕೆಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಮೆಹರಾಜಳನ್ನು ಕರೆದ.

"ಬಾಯಾರ, ನಾವು ಎತ್ತಿಗೆ ಮೂಗದಾಣ ಹಾಕ್ತೇವಿ, ನೋಡ್ರಿ. ಮೂಗಿನಾಗ ಹಗ್ಗ. ಅದನ್ನ ನಾ ಎಂದೂ ಬಿಗದು ಕಟ್ಟಿಲ್ಲ. ಬಿಗದ್ರ ಮೂಗ ಹರೀತೈತಿ. ಕೋಡಿನ ಹಿಂದಿಂದ ತಗೊಂಡು ಸಡಲ ಬಿಟ್ಟಿರತೇವಿ. ಎತ್ತು ತಲಿ ಕೊಡವಿದ್ರೂ ಜಗ್ಗ ಕೋಡಿಗೆ ಬರಬೇಕು, ಮೂಗಿಗೆ ಬರಬಾರದು. ನೀವು ನಳಿಗಿಗೆ ಸುತ್ತ ಹಾಕೀರಲ್ಲ, ಅದೂ ಹಂಗ ಐತಿ. ನನಗ ಗೊತ್ತಿದ್ದದ್ದ ಕೆಲಸ ಇದು. ಮೂಗದಾಣದ ಜಾಗಾದಾಗ ನಾ ಹೇರು ಕಟ್ಟಿಬಿಟ್ಟೆ."

ಮೆಹರಾಜ ನಗಲಿಲ್ಲ. "ನೀವು ಇಷ್ಟ ಚಂದ ತಿಳಕೊಂಡ್ರಲ್ಲ ಕಾಕಾ, ನಮಗ ಕಲಿಸಿದವರೂ ಹಿಂಗ ಹೇಳಿರಲಿಲ್ಲ" ಎಂದಳು.

ಆಮೇಲೆ ಐದು ಬಾಟಲಿ ಮುಗಿಯುವ ತನಕ ಮಡಿವಾಳಪ್ಪ ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಕೈ ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಸೂಜಿಯ ಜಾಗ ಉಬ್ಬಿದೆಯೇ, ಪಟ್ಟಿ ಒದ್ದೆಯಾಗಿದೆಯೇ, ಬೆರಳು ಬೆಚ್ಚಗಿವೆಯೇ ಎಂದು ಕಣ್ಣಿನಿಂದಲೇ ನೋಡುತ್ತಿದ್ದ. ಅರ್ಧ ಎದ್ದ ಪಟ್ಟಿಯನ್ನೂ ತಾನು ಮುಟ್ಟದೆ ಮೆಹರಾಜಳನ್ನೇ ಕರೆದ. ಹುಚ್ಚವ್ವನ ಎಡಗೈ ಇಳಿಯುವ ತನಕ ಅದರ ಕೆಳಗೆ ತನ್ನ ರುಮಾಲು ಮಡಚಿ ಇಟ್ಟ. ಯಾರೋ ಬಂದು ಸೂಜಿಯ ಮೇಲೆ ಅರಿಷಿಣ ಹಚ್ಚಿದರೆ ಒಳ್ಳೆಯದು ಎಂದರು. ಅವರನ್ನು ಅವನು ಕುಳಿತಲ್ಲಿಂದಲೇ ಬಾಗಿಲ ಕಡೆ ಕಳಿಸಿದ.

ಮರುದಿನ ಸಂಜೆ ಹುಚ್ಚವ್ವ, "ರೀ, ಒಂದಕ್ಕ ಹೋಗಬೇಕು" ಎಂದಳು. ಒಂದೂವರೆ ದಿನದ ಮೇಲೆ ಬಂದ ಮಾತು. ಬಸಂತರಾಯರಿಗೆ ಹೇಳಿದರೆ ಅವರು ಹಬ್ಬದ ಸುದ್ದಿ ಕೇಳಿದಷ್ಟು ಖುಷಿಪಟ್ಟರು. "ಮೈಯಾಗ ನೀರ ತುಂಬೇತಿ. ಇನ್ನ ಬಿಜಾಪುರದ ಮಾತಿಲ್ಲ" ಎಂದರು. ಮಡಿವಾಳಪ್ಪ ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ಮೋದಿನಸಾಬ ಅವನ ಬೆನ್ನು ಸವರಿದ.

ಊರಿಗೆ ಹೋದ ವಾರಕ್ಕೆ ಮಡಿವಾಳಪ್ಪ ತಿರುಗಿ ಬಂದ. ಚಕ್ಕಡಿಯಲ್ಲಿ ಬೇವಿನ ಹಲಗೆಪಟ್ಟಿ ಹನ್ನೆರಡು ಇದ್ದವು. ಬಡಿಗ ಪರಪ್ಪನ ಬಳಿ ಕುಳಿತು ಕೆತ್ತಿಸಿ, ಅಂಚು ಉಜ್ಜಿ ನುಣುಪು ಮಾಡಿಸಿದ್ದ. ಮೋದಿನಸಾಬ ಅವಕ್ಕೆಲ್ಲ ಒಗೆಯಲು ಬರುವಂಥ ಗವಸು ಹೊಲಿದು ಸಿಂದಗಿಯಿಂದ ಕಳಿಸಿದ. ಟಾಕಿಗೂ ಹೀಗೆ ಮರ್ಯಾದೆ ಸಿಕ್ಕಿತು.

ಮರುವರ್ಷ ಮಳೆಗಾಲದಲ್ಲಿ ಆ ಹಲಗೆಪಟ್ಟಿಯೊಂದರ ಮೇಲೆ ಮಡಿವಾಳಪ್ಪನದೇ ಕೈ ಬಂತು. ಅವನೂ ಹಳ್ಳದ ನೀರು ಕುಡಿದಿದ್ದ. ಮೆಹರಾಜ ಪಟ್ಟಿ ಹಚ್ಚಿ ಹೋದಳು. ಸ್ವಲ್ಪ ಹೊತ್ತಿಗೆ ಪಟ್ಟಿಯ ಅಂಚು ತುರಿಸಿತು. ಅವನ ಇನ್ನೊಂದು ಕೈ ಮೆಲ್ಲಗೆ ಆ ಕಡೆ ಸರಿಯಿತು. ಪಕ್ಕದಲ್ಲಿ ಕುಳಿತಿದ್ದ ಹುಚ್ಚವ್ವ ಮಾತಾಡಲಿಲ್ಲ. ಆದರೆ ಅವಳ ಬಲಗೈ ಎದ್ದಿತು, ಚಟ್ ಎಂದು ಅವನ ಕೈಯ ಮೇಲೆ ಬಿತ್ತು.

"ಮುಟ್ಟಬ್ಯಾಡ್ರಿ. ಬಾಯಾರನ್ನ ಕರೀತೇನಿ" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮವರು ದವಾಖಾನೆಯಲ್ಲಿ ಮಲಗಿದಾಗ ನಮಗೆ ಏನಾದರೂ ಮಾಡಬೇಕು ಅನಿಸುತ್ತದೆ. ಅದು ಪ್ರೀತಿ, ತಪ್ಪಲ್ಲ. ಆದರೆ ಸೂಜಿಯ ಪಟ್ಟಿ ಬಿಚ್ಚಬೇಡಿ, ಹುರಿ ಕಟ್ಟಬೇಡಿ, ಮೇಲೆ ಬಟ್ಟೆ ಮುಚ್ಚಬೇಡಿ, ಅರಿಷಿಣ ವಿಭೂತಿ ಹಚ್ಚಬೇಡಿ. ಕೈ ಉಬ್ಬಿದರೆ, ಉರಿದರೆ, ತಣ್ಣಗಾದರೆ, ಪಟ್ಟಿ ಒದ್ದೆಯಾದರೆ, ಹನಿ ನಿಂತರೆ ಓಡಿಹೋಗಿ ನರ್ಸಬಾಯಿಯನ್ನು ಕರೆಯಿರಿ, ನಾಚಬೇಡಿ. ರೋಗಿ "ಕೈ ಹಿಡಿದಂತಾಗುತ್ತದೆ" ಎಂದರೆ ಸುಮ್ಮನೆ ಮಲಗು ಎನ್ನಬೇಡಿ, ಆ ಮಾತು ಕೇಳಿ. ಮಡಿವಾಳಪ್ಪ ಕೇಳದೆ ಹೋದದ್ದಕ್ಕೆ ಹುಚ್ಚವ್ವನ ಪಾಲಿಗೆ ಒಂದೇ ನರ ಉಳಿದಿತ್ತು. ನಿಮ್ಮ ಮನೆಯವರಿಗೆ ಹಾಗಾಗದಿರಲಿ. ನಿಮ್ಮ ಕೈ ಬೆನ್ನ ಹಿಂದಿರಲಿ, ಕಣ್ಣು ಮಾತ್ರ ಸೂಜಿಯ ಮೇಲಿರಲಿ.